ಕರೆದವರು ಯಾರು? ಟೋಕಿಯೊದ ಹ್ಯಾಲೊವೀನ್ ಬಗ್ಗೆ ನಾಲ್ಕು ಮಾತು

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕನ್ನಡ ಬಳಗದ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಾಜ್ಯೋತ್ಸವಕ್ಕೆ ಕರೆದು ಹ್ಯಾಲೊವೀನ್ ಬಗ್ಗೆ ಮಾತಾಡಿ ಅಂದಿದ್ದೀರಿ. ಯಾಕೆ ಅಂತ ನನಗೆ ಗೊತ್ತಾಯಿತು. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಜಗಳವನ್ನು ನಿಮ್ಮ ಕಾರ್ಯದರ್ಶಿಯವರು ತೋರಿಸಿದರು. ಒಂದು ಕಡೆಯವರು "ಇದು ನಮ್ಮ ಹಬ್ಬವೇ ಅಲ್ಲ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಮಕ್ಕಳ ಖುಷಿಗೆ ಯಾಕೆ ಕಲ್ಲು ಹಾಕ್ತೀರಾ" ಅನ್ನುತ್ತಾರೆ. ಟೋಕಿಯೊದಲ್ಲಿ ಇದ್ದು ಬಂದವಳು, ಅಲ್ಲಿ ಪರದೇಶಿಗಳೆಲ್ಲ ಸೇರಿ ಹ್ಯಾಲೊವೀನ್ ಮಾಡಿದವಳು, ನೀವೇ ತೀರ್ಪು ಕೊಡಿ ಅಂತ ನನ್ನನ್ನು ಎಳೆದು ತಂದಿದ್ದೀರಿ. ತೀರ್ಪು ಕೊಡುವ ಧೈರ್ಯ ನನಗಿಲ್ಲ. ಈ ಹಬ್ಬ ಎಲ್ಲಿ ಚೆನ್ನಾಗಿ ನಡೆಯಿತು, ಎಲ್ಲಿ ಕೆಟ್ಟಿತು ಅಂತ ಹೇಳಬಲ್ಲೆ. ನಾನು ನೋಡಿದ ಮಟ್ಟಿಗೆ, ಯಾರ ಹಬ್ಬ ಅನ್ನುವುದಕ್ಕಿಂತ ಕರೆದವರು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿತ್ತು.

ಅಕ್ಟೋಬರ್ 31ರ ರಾತ್ರಿ ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಹೋಗುವ ಈ ಹಬ್ಬ ಎಲ್ಲಿಂದ ಬಂತು ಅಂತ ಮೊದಲು ಚುಟುಕಾಗಿ. ಅಮೆರಿಕದ ಹಬ್ಬ ಅಂದುಕೊಂಡಿದ್ದೇವೆ ಅಲ್ವಾ? ಅಲ್ಲಿಗೂ ಅದು ವಲಸೆ ಹೋದದ್ದೇ. ಐರ್ಲೆಂಡ್, ಸ್ಕಾಟ್ಲೆಂಡಿನ ಕಡೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಸಾವಿನ್ ಎಂಬ ಹಬ್ಬ ಇತ್ತು. ಆ ರಾತ್ರಿ ಸತ್ತವರು ಈ ಕಡೆ ಬಂದು ಹೋಗುತ್ತಾರೆ ಅನ್ನುವ ನಂಬಿಕೆ. ಆ ಕಾಲ ಬಂತೆಂದರೆ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುವ ರೂಢಿಯೂ ಅಲ್ಲಿ ಬೆಳೆದಿತ್ತು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಭೀಕರ ಬರ ಬಂತು. ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಕುಂಬಳಕಾಯಿ ಧಾರಾಳವಾಗಿ ಸಿಗುತ್ತಿತ್ತು, ಕೊರೆಯುವುದಕ್ಕೂ ಸುಲಭ. ಗೆಡ್ಡೆ ಹೋಗಿ ಕುಂಬಳ ಬಂತು.

ಹಬ್ಬದ ಜೊತೆಗೆ ಪುಂಡಾಟವೂ ಬಂತು. ಮಿನೆಸೋಟ ರಾಜ್ಯದಲ್ಲಿ ಅನೋಕ ಅಂತ ಒಂದು ಊರು. ಹ್ಯಾಲೊವೀನ್ ರಾತ್ರಿ ಅಲ್ಲಿನ ಹುಡುಗರು ಕೊಟ್ಟಿಗೆಯ ಹಸುಗಳನ್ನು ಬಿಚ್ಚಿ ಪೇಟೆ ಬೀದಿಗೆ ಬಿಡುತ್ತಿದ್ದರಂತೆ. ಕಿಟಕಿ ಗಾಜಿಗೆ ಸೋಪು ಬಳಿಯುವುದು, ಹಿತ್ತಲಿನ ಕಕ್ಕಸುಮನೆ ಉರುಳಿಸುವುದು ಬೇರೆ. ಬೈದು ನೋಡಿದರು, ಆಗಲಿಲ್ಲ. 1920ರಲ್ಲಿ ಊರಿನ ಹಿರಿಯರು ತಾವೇ ಮುಂದೆ ನಿಂತು ಮೆರವಣಿಗೆ ಮಾಡಿಸಿ ಮಕ್ಕಳ ಕೈಗೆ ತಿಂಡಿ ಪೊಟ್ಟಣ ಕೊಟ್ಟರು. ಬಾಗಿಲು ತಟ್ಟಿ ಸಿಹಿ ಕೇಳುವ ಪದ್ಧತಿ ಅಮೆರಿಕದಲ್ಲಿ ಗಟ್ಟಿಯಾದದ್ದೂ ಅದೇ ಕಾಲದಲ್ಲಿ. ಹುಡುಗರು ಹೇಗೂ ಬೀದಿಗೆ ಇಳಿಯುತ್ತಾರೆ, ನಾವೇ ಬಾಗಿಲು ತೆಗೆದು ಕೈಗೆ ಏನಾದರೂ ಹಾಕೋಣ ಅನ್ನುವ ಲೆಕ್ಕ.

ಇನ್ನು ಜಪಾನಿಗೆ ಬರೋಣ.

ಟೋಕಿಯೊದ ಹರಾಜುಕುದಲ್ಲಿ ಕಿಡ್ಡಿಲ್ಯಾಂಡ್ ಎಂಬ ದೊಡ್ಡ ಆಟಿಕೆ ಅಂಗಡಿ ಇದೆ. 1983ರಲ್ಲಿ ಆ ಅಂಗಡಿಯವರು ಪ್ರಚಾರಕ್ಕೆ ಅಂತ ಒಂದು ಹ್ಯಾಲೊವೀನ್ ಮೆರವಣಿಗೆ ಮಾಡಿದರು. ನಡೆದವರಲ್ಲಿ ಹೆಚ್ಚಿನವರು ಊರಲ್ಲಿದ್ದ ವಿದೇಶಿಯರು. ಜಪಾನಿಯರು ಬದಿಯಲ್ಲಿ ನಿಂತು ನೋಡಿದರು. ಅವರಿಗೆ ದೆವ್ವದ ಹಬ್ಬ ಹೊಸದಾಗಿ ಬೇಕಿರಲಿಲ್ಲ. ಹಿರಿಯರ ಆತ್ಮಗಳನ್ನು ಮನೆಗೆ ಕರೆಯುವ ಓಬೋನ್ ಬೇಸಿಗೆಯಲ್ಲೇ ಬರುತ್ತದೆ. ದೆವ್ವದ ಕಥೆ ಹೇಳುವುದೂ ಬೇಸಿಗೆಯಲ್ಲೇ. ಸೆಕೆಯಲ್ಲಿ ಬೆನ್ನು ತಣ್ಣಗಾಗಲಿ ಅಂತ! ಹೀಗಾಗಿ ಅಕ್ಟೋಬರಿನ ಹ್ಯಾಲೊವೀನ್ ಅಲ್ಲಿಗೆ ಬಂದಾಗ ದೆವ್ವಕ್ಕೆ ಕೆಲಸವೇ ಇರಲಿಲ್ಲ. ಉಳಿದದ್ದು ವೇಷ ಒಂದೇ. ವೇಷ ಅಂದರೆ ಜಪಾನಿನ ಹುಡುಗರಿಗೆ ಹೇಳಿಕೊಡಬೇಕೇ?

ನಡುವೆ ಒಂದು ಕಹಿ ಘಟನೆ ನಡೆಯಿತು. ಯೊಶಿಹಿರೊ ಹತ್ತೋರಿ ಎಂಬ ಹದಿನಾರು ವರ್ಷದ ಜಪಾನಿ ಹುಡುಗ ಅಮೆರಿಕದ ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್‌ಗೆ ಓದಲು ಹೋಗಿದ್ದ. 1992ರ ಅಕ್ಟೋಬರ್ 17ರ ಸಂಜೆ, ತಾನಿದ್ದ ಮನೆಯ ಹುಡುಗನ ಜೊತೆ ಹ್ಯಾಲೊವೀನ್ ಪಾರ್ಟಿಗೆ ಹೊರಟ. ಮನೆ ತಪ್ಪಿತು. ಬೇರೆ ಯಾರದೋ ಬಾಗಿಲಿಗೆ ಹೋದರು. ಒಳಗಿದ್ದವರು ಹೆದರಿದರು. ಯಜಮಾನ ಬಂದೂಕು ಹಿಡಿದು ಬಂದು "ನಿಲ್ಲು" ಎಂದು ಇಂಗ್ಲಿಷಿನಲ್ಲಿ ಕೂಗಿದ. ಹುಡುಗನಿಗೆ ಅದು ತಿಳಿಯಲಿಲ್ಲ ಅಂತಲೇ ಎಲ್ಲರೂ ಹೇಳುತ್ತಾರೆ. ಮುಂದೆ ಬಂದ. ಗುಂಡು ಬಿತ್ತು. ಕ್ರಿಮಿನಲ್ ಕೇಸಿನಲ್ಲಿ ಆ ಮನುಷ್ಯ ಖುಲಾಸೆಯಾದ. ಹುಡುಗನ ತಂದೆ ತಾಯಿ ಬಂದೂಕು ನಿಯಂತ್ರಣಕ್ಕಾಗಿ ಹದಿನೇಳು ಲಕ್ಷ ಸಹಿ ಸಂಗ್ರಹಿಸಿ, 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಭೇಟಿಯಾದರು.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಕಾಲದ ಎಷ್ಟೋ ಜಪಾನಿಯರಿಗೆ ಹ್ಯಾಲೊವೀನ್ ಅನ್ನುವ ಹೆಸರು ಕಿವಿಗೆ ಬಿದ್ದದ್ದೇ ಈ ಸುದ್ದಿಯಿಂದ. ನಾವು ನಮ್ಮ ಕಟ್ಟಡದಲ್ಲಿ ಹ್ಯಾಲೊವೀನ್ ಮಾಡೋಣ ಅಂತ ಹೊರಟಾಗ ಅದು ನನಗೆ ಗೊತ್ತೇ ಇರಲಿಲ್ಲ. ನಿವಾಸಿಗಳ ಸಂಘಕ್ಕೆ ಅಲ್ಲಿ ಜಿಚಿಕಾಯ್ ಅನ್ನುತ್ತಾರೆ. ಆ ಸಭೆಯಲ್ಲಿ ಒಬ್ಬ ಅಜ್ಜಿ ಮೆಲ್ಲಗೆ ಕೇಳಿದರು: "ಮಕ್ಕಳು ಗೊತ್ತಿಲ್ಲದವರ ಬಾಗಿಲು ತಟ್ಟುತ್ತಾರಾ?" ನಾವು ನಕ್ಕು "ಹೌದು, ಅದೇ ಆಟ" ಅಂದೆವು. ಅವರು ನಗಲಿಲ್ಲ. ಆಮೇಲೆ ಬೇರೆಯವರು ನನಗೆ ಹತ್ತೋರಿಯ ಕಥೆ ಹೇಳಿದರು.

ನಾವಿದ್ದದ್ದು ನಿಶಿ ಕಸಾಯ್‌ನಲ್ಲಿ. ಎದೊಗವಾ ವಾರ್ಡಿಗೆ ಸೇರಿದ ಜಾಗ. ಟೋಕಿಯೊದಲ್ಲಿ ಭಾರತೀಯರು ಅತಿ ಹೆಚ್ಚು ಇರುವುದು ಆ ವಾರ್ಡಿನಲ್ಲೇ. 2000ನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಅನ್ನುವ ಗಾಬರಿ ಇತ್ತಲ್ಲ, ಆ ಹೊತ್ತಿನಲ್ಲಿ ನಮ್ಮ ಎಂಜಿನಿಯರುಗಳು ಅಲ್ಲಿಗೆ ಹೋಗತೊಡಗಿದರು. ತೋಜಾಯ್ ಲೈನಿನ ರೈಲು ಹತ್ತಿದರೆ ಬ್ಯಾಂಕುಗಳಿರುವ ಕಡೆಗೆ ನೇರ ದಾರಿ. ಇನ್ನೊಂದು ಕಾರಣ ಬಾಡಿಗೆ ಮನೆ. ಜಪಾನಿನಲ್ಲಿ ವಿದೇಶಿಯರಿಗೆ ಮನೆ ಸಿಗುವುದು ಕಷ್ಟ. ಜಾಮೀನು ನಿಲ್ಲುವವರು ಬೇಕು, ಮಾಲೀಕರಿಗೆ ಕಾಣಿಕೆ ಅಂತ ವಾಪಸ್ ಬಾರದ ದುಡ್ಡು ಕೊಡಬೇಕು. ಯುಆರ್ ಎಂಬ ಸರ್ಕಾರಿ ಸಂಸ್ಥೆಯ ಕಟ್ಟಡಗಳಲ್ಲಿ ಅದೆರಡೂ ಬೇಡ. ಹಾಗಾಗಿ ಆಂಧ್ರದವರು, ತಮಿಳರು, ಪುಣೆಯವರು, ನಾವು, ಚೀನಾದವರು, ಕೊರಿಯಾದವರು ಎಲ್ಲ ಒಂದೇ ಲಿಫ್ಟಿನಲ್ಲಿ.

ಬಿಳಿಯ ವಿದೇಶಿಯರ ಲೋಕ ಬೇರೆಯೇ. ಅವರು ಹಿರೊ, ಅಜಾಬು ಕಡೆ ಇರುತ್ತಾರೆ. ಅಲ್ಲಿ ರಾಯಭಾರ ಕಚೇರಿಗಳಿವೆ, ಇಂಗ್ಲಿಷ್ ಶಾಲೆಗಳಿವೆ, ಅಮೆರಿಕದ ಆ ದೊಡ್ಡ ಕಿತ್ತಳೆ ಬಣ್ಣದ ಕುಂಬಳ ಮಾರುವ ಅಂಗಡಿಗಳಿವೆ. ಅದರ ಬೆಲೆ ನೋಡಿದವರು ಕುಂಬಳವನ್ನು ಮುಟ್ಟಿಯೂ ನೋಡುವುದಿಲ್ಲ. ನಮ್ಮ ಕಡೆ ಸಿಗುವುದು ಕಬೋಚಾ. ಹಸಿರು ಸಿಪ್ಪೆ, ಒಳಗೆ ಹಳದಿ, ಚೆಸ್ಟ್‌ನಟ್ಟಿನ ಹಾಗೆ ಸಿಹಿ. ಹುಳಿಗೆ ಹಾಕಿದರೆ ನಮ್ಮ ಸಿಹಿಗುಂಬಳವನ್ನೇ ಮರೆಸುತ್ತದೆ. ಆದರೆ ಸಿಪ್ಪೆ ಇದೆಯಲ್ಲ, ಅದು ಕಲ್ಲು. ಮೊದಲ ವರ್ಷ ಅದರಲ್ಲಿ ಕಣ್ಣು ಬಾಯಿ ಕೊರೆಯಲು ಕೂತೆವು. ಚಾಕು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪಕ್ಕದ ಮನೆಯಾಕೆ ಬಂದು ನೋಡಿ, ಚಾಕು ಬಿಡಿಸಿ, ಕಾಯಿಯನ್ನು ಮೈಕ್ರೋವೇವಿನಲ್ಲಿಟ್ಟು ಬಿಸಿ ಮಾಡಿದಳು. ಸಿಪ್ಪೆ ಮೆತ್ತಗಾಯಿತು. ಕಣ್ಣು ಕೊರೆದೆವು. ಸ್ವಲ್ಪ ಹೊತ್ತಿಗೆ ಬೆಂದ ವಾಸನೆ ಮನೆಯೆಲ್ಲ ತುಂಬಿತು, ಮೂಗು ಕುಸಿದು ಬಾಯಿಗೆ ಸೇರಿತು. ಮಕ್ಕಳಿಗೆ ಅದೇ ಜಾಸ್ತಿ ಭಯ ಹುಟ್ಟಿಸಿತು. ಮರುದಿನ ಅದನ್ನೇ ಪಲ್ಯ ಮಾಡಿದೆ.

ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರವಾಗಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ವಿದೇಶಿಯರು ಜಾಸ್ತಿ ಇರುವ ಕಟ್ಟಡಗಳಲ್ಲಿ ಇದು ಎಲ್ಲ ಕಡೆ ಇದೆ, ನಾವು ಕಂಡುಹಿಡಿದದ್ದೇನಲ್ಲ. ಅಕ್ಟೋಬರ್ ಮೊದಲ ವಾರ ಲಿಫ್ಟಿನ ಹತ್ತಿರ ಒಂದು ಹಾಳೆ ಅಂಟಿಸುವುದು. ಮಕ್ಕಳು ಬಂದರೆ ಅಡ್ಡಿಯಿಲ್ಲ ಅನ್ನುವವರು ಮನೆ ನಂಬರ್ ಬರೆಯಬೇಕು. ಹಬ್ಬದ ದಿನ ಅವರ ಬಾಗಿಲಿಗೆ ಕಿತ್ತಳೆ ಬಣ್ಣದ ಕಾಗದದ ಕುಂಬಳ ಅಂಟಿಸುತ್ತೇವೆ. ಕುಂಬಳ ಇದ್ದ ಬಾಗಿಲನ್ನು ಮಾತ್ರ ತಟ್ಟಬೇಕು. ಸಿಹಿ ಮುಗಿದರೆ ಆ ಮನೆಯವರು ಕುಂಬಳ ಕಿತ್ತುಹಾಕುತ್ತಾರೆ. ಏಳು ಗಂಟೆಗೆ ಆಟ ಬಂದ್. ಪ್ರತಿ ಗುಂಪಿಗೂ ಒಬ್ಬ ದೊಡ್ಡವರು ಜೊತೆ.

ಅಲ್ಲಿ ಅಕ್ಟೋಬರ್ ಕೊನೆಗೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸಂಜೆಯಾದರೆ ವಾರ್ಡಿನ ಧ್ವನಿವರ್ಧಕದಲ್ಲಿ ಒಂದು ಹಾಡು ಬರುತ್ತದೆ. ಆಟ ಸಾಕು, ಮನೆಗೆ ಹೋಗಿ ಅಂತ ಮಕ್ಕಳಿಗೆ ಹೇಳುವ ಹಾಡು. ಊರಿನ ಮಕ್ಕಳೆಲ್ಲ ಮೈದಾನದಿಂದ ಮನೆಗೆ ಹೊರಟರೆ, ನಮ್ಮ ಮಕ್ಕಳು ರೆಕ್ಕೆ ಕೊಂಬು ಕಟ್ಟಿಕೊಂಡು ಮನೆಯಿಂದ ಹೊರಗೆ!

ಮೊದಲ ವರ್ಷ ಹಾಳೆಯಲ್ಲಿ ಜಪಾನಿಯರ ಮನೆ ಬೆರಳೆಣಿಕೆಯಷ್ಟು. ಆಮೇಲಾಮೇಲೆ ಹೆಚ್ಚಾಯಿತು. ಆದರೆ ಅವರು ಹಬ್ಬವನ್ನೇ ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡರು. ಜಪಾನಿನಲ್ಲಿ ಏನಾದರೂ ತಗೊಂಡರೆ ತಿರುಗಿ ಕೊಡದೆ ಇರುವುದಿಲ್ಲ. ಸಿಹಿ ಕೇಳಲು ಬಂದ ಮಗುವಿನ ಕೈಯಲ್ಲೇ ನಮಗೆ ಕೊಡಲು ಒಂದು ಪುಟ್ಟ ಪೊಟ್ಟಣ. ಒಳಗೆ ಎರಡು ಅಕ್ಕಿ ಬಿಸ್ಕತ್ತು, ಒಂದು ಕ್ಯಾಂಡಿ, ಮೇಲೆ ರಿಬ್ಬನ್. ಮಕ್ಕಳು ಬಾಗಿಲಲ್ಲಿ ಹೆದರಿಸಿ, ಬಗ್ಗಿ ವಂದಿಸಿ, ಪೊಟ್ಟಣ ಕೊಟ್ಟು, ಪೊಟ್ಟಣ ತಗೊಂಡು ಹೋಗುತ್ತಿದ್ದರು. ನನಗಂತೂ ಸಂಕ್ರಾಂತಿಯಲ್ಲಿ ಎಳ್ಳು ಬೀರಿದ ಹಾಗೇ ಅನಿಸುತ್ತಿತ್ತು. ನಮ್ಮ ತಟ್ಟೆ ಅವರ ಮನೆಗೆ, ಅವರ ಎಳ್ಳು ನಮ್ಮ ಡಬ್ಬಿಗೆ. ಕೊನೆಗೆ ಯಾರದು ಯಾರು ತಿಂದರೋ ದೇವರಿಗೇ ಗೊತ್ತು.

ಆ ಅಜ್ಜಿ ಕೂಡ ಒಂದು ವರ್ಷ ನಂಬರ್ ಬರೆದರು. ಅವರ ಬಾಗಿಲಿಗೆ ಕುಂಬಳ ಅಂಟಿಸಲು ಹೋದಾಗ, ತಮ್ಮದೇ ಒಂದು ಚೀಟಿಯನ್ನು ಆಗಲೇ ಅಂಟಿಸಿಕೊಂಡಿದ್ದರು. "ಇದೇ ಮನೆ. ಸರಿಯಾದ ಮನೆ" ಅಂತ ಹಿರಗಾನ ಲಿಪಿಯಲ್ಲಿ, ಚಿಕ್ಕ ಮಕ್ಕಳಿಗೂ ಓದಲು ಬರುವ ಹಾಗೆ ಬರೆದಿದ್ದರು.

ಇನ್ನು ನೀವು ಟೀವಿಯಲ್ಲಿ ನೋಡಿದ ಹ್ಯಾಲೊವೀನ್. ಟೋಕಿಯೊದ ಗಿಜಿಗುಡುವ ಪೇಟೆ ಶಿಬುಯದ್ದು.

ಅದಕ್ಕಿಂತ ಮೊದಲು ರೈಲಿನ ಕಥೆ. ಟೋಕಿಯೊ ನಗರದ ಸುತ್ತ ಯಮನೋತೆ ಎಂಬ ರೈಲು ವರ್ತುಲವಾಗಿ ಓಡುತ್ತದೆ. 34.5 ಕಿಲೋಮೀಟರು, ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ. 1990ರ ದಶಕದಿಂದ ಅಲ್ಲಿನ ವಿದೇಶಿ ಯುವಕರು, ಹೆಚ್ಚಾಗಿ ಇಂಗ್ಲಿಷ್ ಕಲಿಸಲು ಬಂದವರು, ಹ್ಯಾಲೊವೀನ್ ಹೊತ್ತಿಗೆ ವೇಷ ಹಾಕಿ, ಬಿಯರ್ ಕ್ಯಾನ್ ಹಿಡಿದು ಆ ರೈಲಿಗೆ ನುಗ್ಗುತ್ತಿದ್ದರು. ಒಂದು ಸುತ್ತು ಅದೇ ಪಾರ್ಟಿ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಇರುವವರು. ನಾಲ್ಕು ಜನ ಸೇರಲು ಮನೆಯಲ್ಲಿ ಜಾಗವಿಲ್ಲ, ಬಾರಿನಲ್ಲಿ ದುಬಾರಿ. ಆದರೆ ಅದೇ ಡಬ್ಬಿಯಲ್ಲಿ ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಮನೆಗೆ ಹೊರಟವನೂ ನಿಂತಿರುತ್ತಾನೆ ಅಲ್ವಾ? ಅವನನ್ನು ಯಾರೂ ಕೇಳಿರಲಿಲ್ಲ. 2000ದ ದಶಕದ ಕೊನೆಗೆ ಪ್ಲಾಟ್‌ಫಾರಮ್ಮಿನಲ್ಲಿ ಪೊಲೀಸರು ನಿಂತರು. ವಿರೋಧಿಸುವವರು ಫಲಕ ಹಿಡಿದು ನಿಂತರು. ಆಟ ನಿಂತಿತು.

ಅಷ್ಟರಲ್ಲಿ ಜಪಾನಿಯರೇ ಹಬ್ಬವನ್ನು ಕೈಗೆ ತಗೊಂಡಿದ್ದರು. 1997ರಲ್ಲಿ ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ ಹ್ಯಾಲೊವೀನ್ ಶುರುವಾಯಿತು. ಅದೇ ವರ್ಷ ಪಕ್ಕದ ಕವಾಸಾಕಿಯಲ್ಲಿ ದೊಡ್ಡ ಮೆರವಣಿಗೆ ಶುರುವಾಯಿತು. ಇವೆರಡಕ್ಕೂ ನಡೆಸುವವರು ಇದ್ದರು. ಮೆರವಣಿಗೆಗೆ ಹೆಸರು ಬರೆಸಬೇಕಿತ್ತು, ಸಾಲಾಗಿ ನಡೆಯಬೇಕಿತ್ತು. ಶಿಬುಯಕ್ಕೆ ಮಾತ್ರ ಯಾರೂ ಇರಲಿಲ್ಲ. 2010ರ ದಶಕದಲ್ಲಿ ಮೊಬೈಲು, ಫೋಟೊ, ಸೋಷಿಯಲ್ ಮೀಡಿಯಾ ಸೇರಿ, ಎಲ್ಲರೂ ಸುಮ್ನೆ ಶಿಬುಯ ಕ್ರಾಸಿಂಗಿಗೆ ಬರತೊಡಗಿದರು. ವೇದಿಕೆ ಇಲ್ಲ, ಕಾರ್ಯಕ್ರಮ ಇಲ್ಲ. ಬಂದವರನ್ನು ನೋಡಲು ಬಂದವರು, ಅವರನ್ನು ನೋಡಲು ಇನ್ನಷ್ಟು ಜನ.

ನಾನೂ ಒಂದು ಸಲ ಹೋಗಿದ್ದೆ. ಸ್ಟೇಷನ್ನಿನ ಶೌಚಾಲಯದಲ್ಲಿ ಮುಖಕ್ಕೆ ರಕ್ತ ಬಳಿದುಕೊಳ್ಳುವ ಹುಡುಗಿಯರ ಸಾಲು. ಹೊರಗೆ ವ್ಯಾನಿನ ಮೇಲೆ ನಿಂತ ಪೊಲೀಸ್ ಮೈಕಿನಲ್ಲಿ ಮಾತಾಡುತ್ತಿದ್ದ. ಇವರಿಗೆ ಡಿಜೆ ಪೊಲೀಸ್ ಅಂತಲೇ ಹೆಸರು. ಜಪಾನ್ ತಂಡ ಫುಟ್‌ಬಾಲ್ ವಿಶ್ವಕಪ್ಪಿಗೆ ಅರ್ಹತೆ ಪಡೆದ ರಾತ್ರಿ, 2013ರಲ್ಲಿ, ಗದರದೆ ನಗಿಸುತ್ತಾ ಜನರನ್ನು ಚದುರಿಸಿದ್ದಕ್ಕೆ ಸಿಕ್ಕ ಬಿರುದು. "ನಿಂತು ಫೋಟೊ ತೆಗೆಯಬೇಡಿ, ದಯವಿಟ್ಟು ಮುಂದೆ ನಡೆಯಿರಿ" ಅಂತ ಎಷ್ಟು ವಿನಯದಿಂದ ಹೇಳುತ್ತಿದ್ದ ಅಂದರೆ, ಜನ ನಿಂತು ಅವನದೇ ಫೋಟೊ ತೆಗೆಯುತ್ತಿದ್ದರು. ನನ್ನ ಪಕ್ಕ ಒಬ್ಬ ಪೊಲೀಸ್ ವೇಷದವನು ನಿಂತಿದ್ದ. ಒಬ್ಬ ಪ್ರವಾಸಿ ಬಂದು ಅವನನ್ನು ದಾರಿ ಕೇಳಿದ. ಪಾಪ, ಅವನು ತುಂಬ ಗಂಭೀರವಾಗಿ ಹೇಳಿಕೊಟ್ಟ.

2018ರಲ್ಲಿ ಕೆಟ್ಟಿತು. ಹ್ಯಾಲೊವೀನಿಗೆ ಮುಂಚಿನ ವಾರಾಂತ್ಯದ ರಾತ್ರಿ, ಗುಂಪೊಂದು ಓಣಿಗೆ ಬಂದ ಸಣ್ಣ ಟ್ರಕ್ಕನ್ನು ಮಗುಚಿ ಹಾಕಿತು. ಪೊಲೀಸರು ಸಿಸಿಟಿವಿ ಜಾಡು ಹಿಡಿದು, ಡಿಸೆಂಬರಿನಲ್ಲಿ ನಾಲ್ವರನ್ನು ಬಂಧಿಸಿದರು. 2019ರಲ್ಲಿ ಹ್ಯಾಲೊವೀನ್ ಮತ್ತು ಹೊಸ ವರ್ಷದ ಹೊತ್ತಿಗೆ ಶಿಬುಯ ಬೀದಿಯಲ್ಲಿ ಕುಡಿಯಬಾರದು ಅಂತ ವಾರ್ಡು ನಿಯಮ ತಂದಿತು.

2022ರ ಅಕ್ಟೋಬರ್ 29, ಶನಿವಾರ. ಆ ರಾತ್ರಿಯದು ದಕ್ಷಿಣ ಕೊರಿಯಾದ ಸೋಲ್ ನಗರದ ಸುದ್ದಿ. ಇತೆವೋನ್ ಎಂಬ ಬಡಾವಣೆ. ಪಕ್ಕದಲ್ಲೇ ಅಮೆರಿಕದ ಸೈನ್ಯದ ನೆಲೆ ಇದ್ದದ್ದರಿಂದ ಅದು ದಶಕಗಳಿಂದ ವಿದೇಶಿಯರ ಕೇರಿ. ಹ್ಯಾಲೊವೀನ್ ಅಲ್ಲಿ ಬೇರು ಬಿಟ್ಟದ್ದೂ ಅದರಿಂದಲೇ. ಹೋಟೆಲೊಂದರ ಪಕ್ಕದ ಇಳಿಜಾರು ಓಣಿ, ಅಗಲ ಮೂರು ಮೀಟರಿನ ಆಸುಪಾಸು. ಆ ಓಣಿಯಲ್ಲಿ ಜನ ಜನರ ಮೇಲೆ ಬಿದ್ದು 159 ಮಂದಿ ಸತ್ತರು. ಅವರಲ್ಲಿ 26 ಜನ ವಿದೇಶಿಯರು. ಇಲ್ಲಿ ಜನ ಕಾಲ್ತುಳಿತಕ್ಕೆ ಸಿಗುತ್ತಾರೆ ಅಂತ ಪೊಲೀಸರಿಗೆ ಮೊದಲ ಕರೆ ಬಂದದ್ದು ಸಂಜೆ 6.34ಕ್ಕೆ, ಅನಾಹುತಕ್ಕೆ ಮೂರೂವರೆ ಗಂಟೆಗೂ ಮುಂಚೆ. ಯಾಕೆ ತಡೆಯಲಿಲ್ಲ ಅಂತ ಕೇಳಿದಾಗ ಬಂದ ಉತ್ತರಗಳಲ್ಲಿ ಒಂದು: ಇದಕ್ಕೆ ಆಯೋಜಕರೇ ಇರಲಿಲ್ಲ. ಆಯೋಜಕರು ಇದ್ದರೆ ಸುರಕ್ಷತಾ ಯೋಜನೆ ಕೊಡಬೇಕು ಅಂತ ನಿಯಮವಿತ್ತು. ತಾನಾಗಿ ಸೇರಿದ ಜನಕ್ಕೆ ಯಾರು ಹೊಣೆ ಅಂತ ಇರಲಿಲ್ಲ. ಆಮೇಲೆ ಕಾನೂನು ತಿದ್ದಿದರು.

ಹಾಂಗ್‌ಕಾಂಗಿನವರು ಇದೇ ಪಾಠವನ್ನು ಬಹಳ ಮೊದಲೇ ಕಲಿತಿದ್ದರು. ಅಲ್ಲಿನ ಲಾನ್ ಕ್ವಾಯ್ ಫಾಂಗ್ ಕೂಡ ವಿದೇಶಿಯರು ಸೇರುವ ಇಳಿಜಾರು ಓಣಿ. 1993ರ ಹೊಸ ವರ್ಷದ ರಾತ್ರಿ ಅಲ್ಲಿ 21 ಜನ ಸತ್ತರು. ಅಂದಿನಿಂದ ಹ್ಯಾಲೊವೀನಿಗೂ ಪೊಲೀಸರು ಬೇಲಿ ಕಟ್ಟಿ, ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ ಅಂತ ಜನರನ್ನು ನಡೆಸುತ್ತಾರೆ. ಕರೆಯದಿದ್ದರೂ ಬರುತ್ತಾರೆ ಅಂತ ಗೊತ್ತಿದ್ದ ಮೇಲೆ, ಬಂದವರ ಹೊಣೆಯನ್ನು ಊರೇ ಹೊತ್ತುಕೊಂಡಿತು.

ಶಿಬುಯದ ಮೇಯರ್ ಹಸೆಬೆ ಕೆನ್ 2023ರಲ್ಲಿ ಇನ್ನೊಂದು ದಾರಿ ಹಿಡಿದರು. ವಿದೇಶಿ ಪತ್ರಕರ್ತರ ಮುಂದೆ ಕೂತು, ಹ್ಯಾಲೊವೀನಿಗೆ ಅಂತ ಶಿಬುಯಕ್ಕೆ ಬರಬೇಡಿ ಅಂತ ಜಗತ್ತಿಗೇ ಹೇಳಿದರು. ಸ್ಟೇಷನ್ ಮುಂದಿನ ಹಚಿಕೊ ನಾಯಿಯ ಪ್ರತಿಮೆಯ ಬಳಿ ಯಾರೂ ಹೋಗದಂತೆ ಸುತ್ತ ಮುಚ್ಚಿದರು. 2024ರ ಅಕ್ಟೋಬರಿನಿಂದ ಸಂಜೆ 6ರಿಂದ ಬೆಳಗಿನ 5ರ ತನಕ ಬೀದಿಯಲ್ಲಿ ಕುಡಿಯುವುದನ್ನು ವರ್ಷವಿಡೀ ನಿಷೇಧಿಸಿದರು. ಜನ ಕಡಿಮೆಯಾದರು. ಇದು ಸರಿಯೇ ಅಂತ ಕೇಳಿದರೆ, ನನಗೆ ಅರ್ಧ ಮನಸ್ಸು. ಬರಬೇಡಿ ಅನ್ನುವುದು ಸುಲಭ. ಬಂದರೆ ಎಲ್ಲಿ ಕೂರಿಸೋಣ ಅಂತ ಯೋಚಿಸಲು ಅವರಿಗೆ ಹತ್ತು ವರ್ಷ ಇತ್ತು. ಆದರೆ ಸೋಲ್ ಸುದ್ದಿ ಓದಿದ ಮೇಲೆ ಅವರನ್ನು ಬೈಯುವುದಕ್ಕೂ ನನಗೆ ಬಾಯಿ ಬರಲಿಲ್ಲ.

ನಮ್ಮ ಕಟ್ಟಡದಲ್ಲಿ 2024 ಬೇರೆಯೇ ಗಡಿಬಿಡಿ. ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿದ್ದಿತ್ತು. ಬೆಳಿಗ್ಗೆ ಎಣ್ಣೆ ಸ್ನಾನ, ಆಮೇಲೆ ಆಫೀಸು, ಸಂಜೆ ದೆವ್ವಗಳು. ಜಿಚಿಕಾಯ್‌ನವರು ಎಂದಿನಂತೆ ಹಾಳೆ ಅಂಟಿಸಿದಾಗ, ನಮ್ಮವರು ಕೆಲವರು ಹಬ್ಬದ ದಿನ ಇದು ಬೇಡ ಅಂದರು. ಬೇಡ ಅಂದವರು ನಂಬರ್ ಬರೆಯಲಿಲ್ಲ, ಅಷ್ಟೇ. ಜಗಳ ಆಗಲಿಲ್ಲ. ಕಾರಿಡಾರಿನಲ್ಲಿ ಬೆಂಕಿ ಹಚ್ಚುವಂತಿಲ್ಲ, ಹಾಗಾಗಿ ಬ್ಯಾಟರಿಯ ಹಣತೆ ಇಟ್ಟೆವು. ಕೆಲವು ಬಾಗಿಲಲ್ಲಿ ಹಣತೆ ಮಾತ್ರ, ಕೆಲವು ಕಡೆ ಕುಂಬಳ ಮಾತ್ರ, ನಮ್ಮಂಥವರ ಬಾಗಿಲಲ್ಲಿ ಎರಡೂ. ಮಕ್ಕಳಿಗೆ ರವೆ ಉಂಡೆ ಕೊಟ್ಟೆ. ಒಬ್ಬ ಪುಟ್ಟ ಜಪಾನಿ ರಕ್ತಪಿಶಾಚಿ ಅದನ್ನು ಮೂಸಿ ನೋಡಿ, ಏಲಕ್ಕಿಗೆ ಮುಖ ಕಿವುಚಿ, ಆದರೂ ಪೂರ್ತಿ ತಿಂದು, ಎರಡು ಕೈಯಲ್ಲೂ ಖಾಲಿ ಕಾಗದ ಹಿಡಿದು ವಾಪಸ್ ಕೊಟ್ಟ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಮೇಡಂ, ನಮ್ಮಲ್ಲಿ ನಾಲ್ಕು ಟವರ್ ಇವೆ. ಮುಂದಿನ ವರ್ಷ ಮಾಡೋಣವೋ ಬೇಡವೋ, ಅದನ್ನು ಹೇಳಿ." ನಾನು ಹೇಳಿದ್ದು ಇಷ್ಟು. ಅದನ್ನು ಗ್ರೂಪಿನಲ್ಲಿ ಕೇಳಬೇಡಿ. ಲಿಫ್ಟಿನ ಹತ್ತಿರ ಒಂದು ಹಾಳೆ ಅಂಟಿಸಿ. ನಂಬರ್ ಬರೆದ ಮನೆಗಳು ಹತ್ತೇ ಆದರೆ ಹತ್ತೇ ಮನೆಯ ಹಬ್ಬ ಮಾಡಿ. ಆ ಪಟ್ಟಿಯ ಒಂದು ಪ್ರತಿ ಗೇಟಿನ ಸೆಕ್ಯೂರಿಟಿಯವರ ಕೈಗೂ ಕೊಡಿ. ಮುಖವಾಡ ಹಾಕಿದ ಮಕ್ಕಳು ಓಡಾಡುವ ದಿನ ಅವರಿಗೇ ತಲೆಬಿಸಿ ಜಾಸ್ತಿ. ಒಂದನೇ ಟವರಿನ ಒಬ್ಬರು ತಕ್ಷಣ, "ಹಾಗಾದರೆ ಕಡಲೆ ಮಿಠಾಯಿ ಕೊಡೋಣ, ನಮ್ಮದೇ ತಿಂಡಿ" ಅಂದರು. ಕೆಲವು ಮಕ್ಕಳಿಗೆ ಕಡಲೆಕಾಯಿ ಆಗುವುದಿಲ್ಲ, ಅದಕ್ಕೂ ಹಾಳೆಯಲ್ಲಿ ಒಂದು ಕಾಲಂ ಇಡಿ ಅಂದೆ.